ಜೋಡಿ ಗಾಜಿನ ಕಿಟಕಿ: ಎಲ್ಲಿಗೆ ಬೇಕು, ಎಷ್ಟಕ್ಕೆ ಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಜೋಡಿ ಗಾಜಿನ ಕಿಟಕಿಯ, ಅಂದರೆ ಎರಡು ಗಾಜುಗಳ ನಡುವೆ ಜಾಗ ಬಿಟ್ಟು ಅಂಚು ಮುಚ್ಚಿದ ‘ಡಬಲ್ ಗ್ಲೇಜಿಂಗ್’ ಕುರಿತೇ ಇವೆ. ಹಾಕಿಸಲೇ, ಬೇಡವೇ ಎಂಬುದು ಎಲ್ಲರ ಪ್ರಶ್ನೆ. ಉತ್ತರ ಹೇಳುವ ಮೊದಲು ನಿಮಗಿರುವ ಕಾಟ ಯಾವುದು ಎಂದು ನನಗೆ ತಿಳಿಯಬೇಕು. ಸದ್ದೇ, ಬಿಸಿಲೇ, ಮಳೆಯೇ, ಚಳಿಯೇ? ಒಂದಕ್ಕೆ ಹೊಂದುವ ಗಾಜು ಇನ್ನೊಂದಕ್ಕೆ ದಂಡ. ಪೀಣ್ಯದಲ್ಲಿ ಬಹುಕಾಲ ಕಿಟಕಿ ತಯಾರಿಸಿ ಮಾರಿದವಳು ನಾನು. ಅಂಗಡಿಗೆ ಬಂದವರು ಚದರಡಿಗೆ ಎಷ್ಟು ಎಂದಷ್ಟೇ ಕೇಳುತ್ತಾರೆ, ಮಾರುವವರೂ ಅಷ್ಟನ್ನೇ ಹೇಳಿ ಕಳುಹಿಸುತ್ತಾರೆ.

ಪ್ರಶ್ನೆ: ನಾಗರಭಾವಿಯಲ್ಲಿ ಹೊರವರ್ತುಲ ರಸ್ತೆಗೆ ಮುಖ ಮಾಡಿದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ನಿವೃತ್ತರು. ರಾತ್ರಿ ಲಾರಿಗಳ ಓಡಾಟ ಶುರುವಾದರೆ ನಿದ್ದೆ ಹಾರಿಹೋಗುತ್ತದೆ. ಈಗಿರುವುದು ಮೂರು ಹಳಿಯ ಅಲ್ಯೂಮಿನಿಯಂ ಜಾರುಕಿಟಕಿ. ಮಗ ಡಬಲ್ ಗ್ಲೇಜಿಂಗ್ ಹಾಕಿಸಿ ಎನ್ನುತ್ತಾನೆ. ಬಾಲ್ಕನಿ ಬಾಗಿಲೂ ಸೇರಿ ಇಡೀ ಮನೆಗೆ 160 ಚದರಡಿ. ಮೂರು ಕೊಟೇಶನ್ ಬಂದಿವೆ: 1.45 ಲಕ್ಷ, 2.30 ಲಕ್ಷ, 3.40 ಲಕ್ಷ ರೂಪಾಯಿ. ಮೂರರಲ್ಲೂ ‘ಡಬಲ್ ಗ್ಲಾಸ್’ ಎಂದೇ ಇದೆ. ಅವುಗಳ ಪ್ರತಿಗಳನ್ನೂ ಕಿಟಕಿ, ಬಾಗಿಲು, ಗೋಡೆಗಳ ಅಳತೆಯನ್ನೂ ಲಗತ್ತಿಸಿದ್ದೇನೆ. ಯಾವುದನ್ನು ಒಪ್ಪಿಕೊಳ್ಳಲಿ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಸದ್ಯಕ್ಕೆ ಮೂರನ್ನೂ ಬದಿಗಿಡಿ. ಕೊಟೇಶನ್ ಪ್ರತಿಗಳನ್ನು ಕಳುಹಿಸಿ ಉಪಕಾರ ಮಾಡಿದ್ದೀರಿ. ಬರಿಯ ಮೊತ್ತ ಬರೆದು ಕೇಳುವವರೇ ಹೆಚ್ಚು.

ಮೊದಲನೆಯದು ಅಗ್ಗವಾಗಿ ಕಾಣುತ್ತದೆ. ಆದರೆ ಕೊನೆಯ ಸಾಲಿನಲ್ಲಿ ‘ತೆರಿಗೆ ಪ್ರತ್ಯೇಕ’ ಎಂದು ಸಣ್ಣಕ್ಷರದಲ್ಲಿದೆ. ಶೇ 18ರ ಜಿಎಸ್‌ಟಿ ಸೇರಿಸಿದರೆ ಅದು 1,71,100 ರೂಪಾಯಿ. ಹಳೆಯ ಕಿಟಕಿ ಕೀಳುವ ಕೂಲಿ, ಕಿತ್ತಾಗ ಉದುರುವ ಗಾರೆಯ ದುರಸ್ತಿ, ಬಣ್ಣ, ಇವು ಯಾವುವೂ ಅದರಲ್ಲಿಲ್ಲ. ಮೇಲಾಗಿ ಅವರು ಕೊಡುವುದು ಮತ್ತೆ ಜಾರುಕಿಟಕಿಯೇ. ಸದ್ದಿನ ಮಟ್ಟಿಗೆ ಅಲ್ಲಿಗೆ ಕಥೆ ಮುಗಿಯಿತು. ಜಾರುವ ಕದಕ್ಕೂ ಚೌಕಟ್ಟಿಗೂ ನಡುವೆ ಇರುವುದು ಕುಂಚದಂಥ ನೂಲಿನ ಪಟ್ಟಿ. ಅದು ಧೂಳನ್ನು ಸ್ವಲ್ಪ ತಡೆಯುತ್ತದೆ, ಸದ್ದನ್ನು ತಡೆಯುವುದಿಲ್ಲ. ಗಾಳಿ ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಇಂದು ರಾತ್ರಿ ಒಂದು ಊದುಬತ್ತಿ ಹಚ್ಚಿ, ಫ್ಯಾನ್ ಆರಿಸಿ, ಮುಚ್ಚಿದ ಕಿಟಕಿಯ ಎರಡು ಕದಗಳು ಕೂಡುವಲ್ಲಿ ಮೇಲಿನಿಂದ ಕೆಳಗೆ ನಿಧಾನವಾಗಿ ಹಿಡಿದು ನೋಡಿ. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಎಲ್ಲಿ ತಟ್ಟನೆ ಒಳಕ್ಕೆ ಬಾಗುತ್ತದೋ ಅಲ್ಲಿಂದಲೇ ನಿಮ್ಮ ಲಾರಿಗಳು ಮನೆಯೊಳಗೆ ಬರುತ್ತಿವೆ. ಎ.ಸಿ. ಪೈಪಿಗಾಗಿ ಕೊರೆದ ತೂತಿನ ಬಳಿಯೂ ಹಿಡಿಯಿರಿ. ಎಷ್ಟೋ ಮನೆಗಳಲ್ಲಿ ಆ ತೂತಿಗೆ ಹಳೆ ಬಟ್ಟೆ ತುರುಕಿರುತ್ತಾರೆ.

ಇನ್ನು ಎರಡನೆಯ ಕೊಟೇಶನ್. ಬಾಗಿಲಿನಂತೆ ತೆರೆಯುವ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೇಸ್‌ಮೆಂಟ್, ತೆರಿಗೆ ಸೇರಿ ಚದರಡಿಗೆ ಹೆಚ್ಚುಕಡಿಮೆ 1,440 ರೂಪಾಯಿ. ಕೇಸ್‌ಮೆಂಟ್ ಸರಿಯಾದ ಆಯ್ಕೆ. ಕದ ಮುಚ್ಚಿ ಹಿಡಿ ತಿರುಗಿಸಿದಾಗ ಸುತ್ತಲೂ ನಾಲ್ಕೈದು ಕಡೆ ಬೀಗ ಕಚ್ಚಿಕೊಂಡು ರಬ್ಬರ್ ಗ್ಯಾಸ್ಕೆಟ್ ಅಮುಕುತ್ತದೆ. ಆದರೆ ಗಾಜು ನೋಡಿ: 6-12-6, ಅಂದರೆ ಎರಡೂ ಕಡೆ 6 ಮಿ.ಮೀ., ನಡುವೆ 12 ಮಿ.ಮೀ. ಗಾಳಿ. ಸದ್ದಿಗಾಗಿ ಹಣ ಸುರಿಯುವವರು ಎಡವುವುದೇ ಇಲ್ಲಿ. 5 ಮಿ.ಮೀ.ನ ಒಂಟಿ ಗಾಜು ಸುಮಾರು 30 ಡೆಸಿಬಲ್ ಸದ್ದು ತಡೆದರೆ 6-12-6 ತಡೆಯುವುದು 33ರ ಆಸುಪಾಸು. ಮೂರು ಡೆಸಿಬಲ್ ವ್ಯತ್ಯಾಸ ಕಿವಿಗೆ ಹೌದೋ ಅಲ್ಲವೋ ಎನ್ನುವಷ್ಟು. ಸದ್ದು ಅರ್ಧಕ್ಕಿಳಿದಂತೆ ಕಿವಿಗೆ ಅನಿಸಬೇಕಾದರೆ ಹತ್ತು ಡೆಸಿಬಲ್ ಇಳಿಯಬೇಕು. ಒಂದೇ ದಪ್ಪದ ಎರಡು ಗಾಜುಗಳು ಒಂದೇ ಸ್ವರಕ್ಕೆ ಒಟ್ಟಿಗೆ ಕಂಪಿಸುತ್ತವೆ. ನಡುವೆ ಕಿರಿದಾದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಮೃದಂಗದ ಎರಡು ಮುಖಗಳ ನಡುವಿನ ಗಾಳಿಯಂತೆ ಒಂದರ ನಡುಕವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಲಾರಿಯ ಎಂಜಿನ್ನಿನ ತಗ್ಗು ಸ್ವರದ ಗುಡುಗಿಗೆ ಇದು ಇನ್ನೂ ಅನುಕೂಲ. ಹಾಗಾಗಿ ದಪ್ಪ ಬೇರೆ ಬೇರೆ ಇರಬೇಕು, ಒಂದಾದರೂ ಲ್ಯಾಮಿನೇಟೆಡ್ ಇರಬೇಕು. ಲ್ಯಾಮಿನೇಟೆಡ್ ಎಂದರೆ ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಮೆತ್ತನೆಯ ಹಾಳೆ ಅಂಟಿಸಿದ್ದು, ಕಾರಿನ ಮುಂಗಾಜಿನ ಹಾಗೆ. ಆ ಹಾಳೆ ನಡುಕವನ್ನು ನುಂಗುತ್ತದೆ. ಮೂರನೆಯವರು ಕೊಟ್ಟಿರುವುದು ಇದನ್ನೇ. ಆದರೆ ಮೂರೂಕಾಲು ಲಕ್ಷ ದಾಟಿಸಿ ಅದನ್ನು ಅಡುಗೆಮನೆಗೂ ಹಿಂದಿನ ಕೋಣೆಗೂ ಹಾಕಲು ಹೊರಟಿದ್ದಾರೆ.

ನಿಮ್ಮ ಹಿಂದಿನ ಕೋಣೆ ಯಾವ ರಸ್ತೆಗೂ ಮುಖ ಮಾಡಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಹೊರಗಿನ ಬಸ್ಸು ಕೇಳಿದರೆಷ್ಟು, ಬಿಟ್ಟರೆಷ್ಟು? ನಿಮಗೆ ಬೇಕಿರುವುದು ರಾತ್ರಿಯ ನಿದ್ದೆ. ಅದು ಇರುವುದು ರಸ್ತೆ ಕಡೆಯ ಮಲಗುವ ಕೋಣೆಯಲ್ಲಿ. ನೀವು ಕೊಟ್ಟ ಅಳತೆಯಂತೆ ಅಲ್ಲಿ 5 ಅಡಿಗೆ 4 ಅಡಿಯ ಎರಡು ಕಿಟಕಿಗಳಿವೆ, ಒಟ್ಟು 40 ಚದರಡಿ.

ಆ ಎರಡಕ್ಕೂ ನಾನು ಹೇಳುವುದು ಬೇರೆಯೇ. ಈಗಿನ ಜಾರುಕಿಟಕಿಯನ್ನು ಕೀಳಲೇಬೇಡಿ. ನಿಮ್ಮ ಹೊರಗೋಡೆ 8 ಇಂಚಿನ ಬ್ಲಾಕ್ ಎಂದು ಬರೆದಿದ್ದೀರಿ. ಕಿಟಕಿಯ ಒಳಗಡೆ ಕಟ್ಟೆಯ ಮೇಲೆ ಜಾಗವಿದೆ. ಅಲ್ಲಿ ಇನ್ನೊಂದು ಕಿಟಕಿ ಕೂರಿಸಿ: ಒಳಕ್ಕೆ ತೆರೆಯುವ ಕೇಸ್‌ಮೆಂಟ್, 8 ಮಿ.ಮೀ.ಗೆ ಕಡಿಮೆಯಿಲ್ಲದ ಲ್ಯಾಮಿನೇಟೆಡ್ ಒಂಟಿ ಗಾಜು, ಹೊರಗಿನ ಗಾಜಿಗೂ ಇದಕ್ಕೂ ನಡುವೆ ಸಾಧ್ಯವಾದರೆ 100 ಮಿ.ಮೀ. ಅಂತರ. 12 ಮಿ.ಮೀ. ಅಂತರದ ಯಾವ ಜೋಡಿ ಗಾಜೂ ಸದ್ದು ತಡೆಯುವುದರಲ್ಲಿ ಈ ಅಂತರಕ್ಕೆ ಸಾಟಿಯಲ್ಲ. ನನ್ನ ಕಣ್ಣಿಗೆ ಬೀಳುತ್ತಿರುವ ದರಗಳ ಪ್ರಕಾರ ಇದಕ್ಕೆ ಚದರಡಿಗೆ 950 ರೂಪಾಯಿ ಹಿಡಿಯೋಣ. 38,000 ಆಯಿತು, ತೆರಿಗೆ ಸೇರಿ 45,000ಕ್ಕೆ ಸ್ವಲ್ಪ ಕಡಿಮೆ. ಹೊರಗಿನಿಂದ ನೋಡಿದರೆ ಏನೂ ಬದಲಾಗಿರುವುದಿಲ್ಲವಾದ್ದರಿಂದ ಅಪಾರ್ಟ್‌ಮೆಂಟ್ ಸಂಘದ ಅನುಮತಿಯ ರಗಳೆಯೂ ಇಲ್ಲ. ಕೊಟೇಶನ್ ಕೊಟ್ಟ ಮೂವರಲ್ಲಿ ಒಬ್ಬರೂ ಇದನ್ನು ನಿಮಗೆ ಸೂಚಿಸಿಲ್ಲ. ಕಾರಣ ನೀವೇ ಊಹಿಸಿಕೊಳ್ಳಿ.

ಕೂರಿಸಿದ ದಿನ ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಪತ್ರಿಕೆಯ ಹಾಳೆಯಿಂದ ಎರಡು ಬೆರಳು ಅಗಲದ ಪಟ್ಟಿ ಹರಿದುಕೊಂಡು ಕದ ಮತ್ತು ಚೌಕಟ್ಟಿನ ನಡುವೆ ಇಟ್ಟು ಮುಚ್ಚಿ, ಹಿಡಿ ತಿರುಗಿಸಿ, ಪಟ್ಟಿಯನ್ನು ಎಳೆಯಿರಿ. ಬಿಗಿಯಾಗಿ ನಿಲ್ಲಬೇಕು, ಇಲ್ಲವೇ ಹರಿಯಬೇಕು. ಸರಾಗವಾಗಿ ಜಾರಿಬಂದರೆ ಅಲ್ಲಿ ಗ್ಯಾಸ್ಕೆಟ್ ಅಮುಕುತ್ತಿಲ್ಲ. ನಾಲ್ಕೂ ಮೂಲೆಗಳಲ್ಲಿ ನೋಡಿ, ಕೀಲಿನ ಕಡೆಯೂ ನೋಡಿ. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಫೋಮ್ ತುಂಬಿ, ಅದರ ಮೇಲೆ ಸಿಲಿಕೋನ್ ಎಳೆದಿರಬೇಕು. ಬರೇ ಫೋಮ್ ಬಿಸಿಲಿಗೆ ಪುಡಿಯಾಗುತ್ತದೆ.

ಬಾಲ್ಕನಿ ಬಾಗಿಲಿನ 56 ಚದರಡಿಯ ವಿಚಾರ ಆಮೇಲೆ. ಮಲಗುವ ಕೋಣೆಯಿಂದ ಹಾಲ್‌ಗೆ ಇರುವ ಬಾಗಿಲು ಮುಚ್ಚಿ ಒಂದು ತಿಂಗಳು ಮಲಗಿ ನೋಡಿ. ಅಷ್ಟೇ ಸಾಕಾಗಬಹುದು. ಬಾಲ್ಕನಿ ಬಾಗಿಲಿಗೆ ಜೋಡಿ ಗಾಜು ಹಾಕಿಸಲೇಬೇಕೆಂದಿದ್ದರೆ ಭಾರದ ಲೆಕ್ಕ ಹಾಕಿ: ಗಾಜು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. 56 ಚದರಡಿ ಎಂದರೆ 5.2 ಚದರ ಮೀಟರ್. 6-12-6 ಹಾಕಿದರೆ ಗಾಜೇ 156 ಕಿಲೋ. ಎರಡು ಕದಕ್ಕೆ ಹಂಚಿದರೂ ಒಂದೊಂದು ಕದ ಒಬ್ಬ ದಪ್ಪ ಮನುಷ್ಯನಷ್ಟು ಭಾರ. ಅದನ್ನು ಹೊರುವ ರೋಲರ್ ಯಾವುದು, ಯುಪಿವಿಸಿ ಚೌಕಟ್ಟಿನೊಳಗೆ ಉಕ್ಕಿನ ಬಲವರ್ಧನೆ ಎಷ್ಟು ದಪ್ಪದ್ದು ಎಂದು ಬರೆಸಿಕೊಳ್ಳಿ. ಅರವತ್ತು ದಾಟಿದವರು ದಿನಾ ತೆರೆದು ಮುಚ್ಚಬೇಕಾದ ಬಾಗಿಲು ಅದು.

ಇನ್ನೊಂದು ಮಾತು, ಬೆಂಗಳೂರಿನವರಿಗೆಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಅಲ್ಲಿ ಮುಚ್ಚಿ ಮೊಹರು ಮಾಡಿದ ಜೋಡಿ ಗಾಜು ಇಲ್ಲಿಗೆ ಬಂದಾಗ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಎದುರು ಕಟ್ಟಡದ ಪ್ರತಿಬಿಂಬ ಅಂಕುಡೊಂಕಾಗಿ ಕಾಣುವುದಷ್ಟೇ ಅಲ್ಲ, ಅಂಚಿನ ಅಂಟಿಗೂ ಸದಾ ಎಳೆತ. ಎತ್ತರದ ಊರಿಗೆಂದು ತಿಳಿಸಿದರೆ ತಯಾರಕರು ಒತ್ತಡ ಸಮ ಮಾಡಿ ಕೊಡುತ್ತಾರೆ. ಮಡಿಕೇರಿ, ಚಿಕ್ಕಮಗಳೂರಿನವರು ಇದನ್ನು ಇನ್ನೂ ಮುಖ್ಯವಾಗಿ ಕೇಳಬೇಕು.

ಪ್ರಶ್ನೆ: ನಮ್ಮ ಮನೆಯ ಹಾಲ್‌ಗೆ ಪಶ್ಚಿಮಕ್ಕೆ 6 ಅಡಿಗೆ 4 ಅಡಿಯ ಕಿಟಕಿ. ಏಪ್ರಿಲ್-ಮೇ ತಿಂಗಳಲ್ಲಿ ಮೂರು ಗಂಟೆಯ ಮೇಲೆ ಅಲ್ಲಿ ಕೂರಲಾಗುವುದಿಲ್ಲ. ಡಬಲ್ ಗ್ಲಾಸ್ ಹಾಕಿದರೆ ಎಂಟು ಡಿಗ್ರಿ ಇಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜವೇ? ಎ.ಸಿ. ಇಲ್ಲ, ಕೂಲರ್ ಇದೆ.
- ಓದುಗರು, ಕಲಬುರಗಿ

ಉತ್ತರ: ಎಂಟು ಡಿಗ್ರಿ ಎಂಬ ಅಂಕಿ ಎಲ್ಲಿಂದ ಬಂತು ಎಂದು ಅವರನ್ನೇ ಕೇಳಿ. ಗಾಜಿನ ಮೂಲಕ ಕಾವು ಎರಡು ದಾರಿಯಲ್ಲಿ ಬರುತ್ತದೆ. ಹೊರಗಿನ ಬಿಸಿ ಗಾಳಿ ಗಾಜನ್ನು ಕಾಯಿಸಿ ಒಳಗೆ ದಾಟುವುದು ಒಂದು. ಬಿಸಿಲು ನೇರವಾಗಿ ಗಾಜು ತೂರಿ ಬಂದು ನೆಲ, ಸೋಫಾ, ಗೋಡೆಯನ್ನು ಕಾಯಿಸುವುದು ಇನ್ನೊಂದು. ಜೋಡಿ ಗಾಜು ಮೊದಲನೆಯದನ್ನು ಅರ್ಧಕ್ಕಿಳಿಸುತ್ತದೆ. ಲೆಕ್ಕದ ಭಾಷೆಯಲ್ಲಿ, ಕಾವು ಎಷ್ಟು ಬೇಗ ದಾಟುತ್ತದೆಂದು ಹೇಳುವ ಯು-ಮೌಲ್ಯ 5.7ರಿಂದ 2.8ರ ಹತ್ತಿರಕ್ಕೆ ಬರುತ್ತದೆ. ಎರಡನೆಯದನ್ನು ಹೆಚ್ಚೇನೂ ತಡೆಯುವುದಿಲ್ಲ. ಬಣ್ಣವಿಲ್ಲದ ಒಂಟಿ ಗಾಜು ಬಿಸಿಲಿನ ಕಾವಿನಲ್ಲಿ ಸುಮಾರು ಶೇ 80ರಷ್ಟನ್ನು ಒಳಬಿಟ್ಟರೆ ಬಣ್ಣವಿಲ್ಲದ ಜೋಡಿ ಗಾಜು ಶೇ 70ರಷ್ಟನ್ನು ಬಿಡುತ್ತದೆ. ಪಶ್ಚಿಮದ ಕಿಟಕಿಯಲ್ಲಿ ನಿಮ್ಮ ಶತ್ರು ಈ ಎರಡನೆಯದು.

ಬಿಸಿಲು ತಡೆಯುವ ಲೇಪನವಿರುವ ಗಾಜು ಬೇರೆ ಇದೆ. ಒಳ್ಳೆಯದಾದರೆ ಶೇ 30ರ ಆಸುಪಾಸು ಮಾತ್ರ ಒಳಬಿಡುತ್ತದೆ. ಬಿಸಿಲಿನ ಕಾವಿನಲ್ಲಿ ಎಷ್ಟು ಪಾಲು ಒಳಬರುತ್ತದೆಂದು ಹೇಳುವ ಎಸ್‌ಎಚ್‌ಜಿಸಿ ಎಂಬ ಅಂಕಿಯನ್ನು ಕೊಟೇಶನ್‌ನಲ್ಲಿ ಕೇಳಿ. 0.30 ಇದ್ದರೆ ಸರಿ, 0.70 ಇದ್ದರೆ ನಮಸ್ಕಾರ ಹೇಳಿ ಬನ್ನಿ. ಲೇಪನ ಇರಬೇಕಾದದ್ದು ಹೊರಗಾಜಿನ ಒಳಮೈಯಲ್ಲಿ. ಜೋಡಿಸುವವರು ಗಾಜನ್ನು ತಿರುಗುಮುರುಗಾಗಿ ಕೂರಿಸಿದರೆ ನಿಮಗೆ ಗೊತ್ತಾಗುವುದು ಹೇಗೆ? ಕತ್ತಲಾದ ಮೇಲೆ ಒಳಗಿನಿಂದ ಗಾಜಿನೆದುರು ಬೆಂಕಿಕಡ್ಡಿ ಗೀರಿ ಓರೆಯಾಗಿ ನೋಡಿ. ಎರಡು ಗಾಜುಗಳ ನಾಲ್ಕು ಮೈಗಳಲ್ಲಿ ನಾಲ್ಕು ಜ್ವಾಲೆಗಳು ಸಾಲಾಗಿ ಕಾಣುತ್ತವೆ. ಮೂರು ಒಂದೇ ಬಣ್ಣ, ಒಂದು ಮಾತ್ರ ಬೇರೆ ಛಾಯೆ. ಆ ಬೇರೆಯಾದ ಜ್ವಾಲೆ ನಿಮ್ಮಿಂದ ಮೂರನೆಯದಾಗಿರಬೇಕು. ನಾಲ್ಕೂ ಒಂದೇ ಬಣ್ಣವಾಗಿದ್ದರೆ ಹೆಚ್ಚಾಗಿ ಲೇಪನವೇ ಇಲ್ಲ, ಬಿಲ್ಲಿನಲ್ಲಿ ಮಾತ್ರ ಇದೆ.

ಇಷ್ಟೆಲ್ಲ ಹೇಳಿಯೂ, ನಿಮಗೆ ಇದು ಬೇಡ ಎನ್ನುತ್ತೇನೆ. ಜೋಡಿ ಗಾಜು ಬೆಲೆ ಬಾಳುವುದು ಕಿಟಕಿ ಮುಚ್ಚಿ ಎ.ಸಿ. ಹಾಕುವ ಮನೆಯಲ್ಲಿ. ಕೂಲರ್ ನಡೆಯಬೇಕಾದರೆ ಗಾಳಿ ಹೊರಹೋಗಲು ಎಲ್ಲಾದರೂ ಕಿಟಕಿ ತೆರೆದಿರಲೇಬೇಕು. ತೆರೆದ ಕಿಟಕಿಗೆ ಎಷ್ಟು ಗಾಜಿದ್ದರೇನು? ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯಿರಿ. ಪಶ್ಚಿಮದ ಸೂರ್ಯ ಕೆಳಗಿಳಿದು ಎದುರಿಗೇ ಬರುವುದರಿಂದ ಸಜ್ಜಾ ಎಷ್ಟು ಚಾಚಿದರೂ ಸಾಲದು. ಹೊರಗಡೆ ಬಿದಿರು ಕಡ್ಡಿಯ ಪರದೆ, ಲಾವಂಚದ ತಟ್ಟಿ, ಇಲ್ಲವೇ ಅಲ್ಯೂಮಿನಿಯಂ ಪಟ್ಟಿಗಳ ಲೂವರ್ ಹಾಕಿಸಿ. ಒಳಗೆ ಹಾಕಿದ ಪರದೆ ಬೆಳಕು ತಡೆಯುತ್ತದೆಯೇ ವಿನಾ ಕಾವು ಆಗಲೇ ಗಾಜಿನೊಳಕ್ಕೆ ಬಂದಾಗಿರುತ್ತದೆ. 24 ಚದರಡಿಯ ಲೇಪನದ ಜೋಡಿ ಗಾಜಿಗೆ ನೀವು ಕೊಡಬೇಕಾದ ಹಣದ ಕಾಲುಭಾಗದೊಳಗೆ ಈ ಕೆಲಸ ಮುಗಿಯುತ್ತದೆ. ನಿಮ್ಮ ಭಾಗದ ಹಳೆಯ ಮನೆಗಳಲ್ಲಿ ದಪ್ಪ ಕಲ್ಲುಗೋಡೆ, ಶಹಾಬಾದಿ ಕಲ್ಲಿನ ನೆಲ, ಅಂಗೈಯಗಲದ ಕಿಟಕಿಗಳಿರುತ್ತಿದ್ದವು. ಕಟ್ಟಿದವರಿಗೆ ಎಸ್‌ಎಚ್‌ಜಿಸಿ ಗೊತ್ತಿರಲಿಲ್ಲ, ಮೇ ತಿಂಗಳು ಗೊತ್ತಿತ್ತು.

ಪ್ರಶ್ನೆ: ಕದ್ರಿಯಲ್ಲಿ ಮನೆ. ಜೋಡಿ ಗಾಜಿನ ಕಿಟಕಿ ಹಾಕಿಸಿ ಮೂರು ವರ್ಷವಾಗಿಲ್ಲ, ಎರಡು ಗಾಜುಗಳ ನಡುವೆ ಹಬೆ ಕಟ್ಟಿದೆ. ಹಾಕಿಕೊಟ್ಟವರು ‘ಮಳೆಗಾಲ ಕಳೆದರೆ ಒಣಗುತ್ತದೆ’ ಎನ್ನುತ್ತಾರೆ. ಇಡೀ ಕಿಟಕಿ ಬದಲಿಸಬೇಕೇ?
- ಓದುಗರು, ಮಂಗಳೂರು

ಉತ್ತರ: ಮೊದಲು ಒಣಬಟ್ಟೆಯಿಂದ ಒಳಗೂ ಹೊರಗೂ ಒರೆಸಿ ನೋಡಿ. ಹೊರಮೈಯಲ್ಲಿ ಕಟ್ಟಿದ ಹಬೆಯಾಗಿದ್ದರೆ ಅದು ಎ.ಸಿ.ಯ ತಂಪಿಗೂ ನಿಮ್ಮೂರಿನ ಹಸಿ ಗಾಳಿಗೂ ಆದ ಸಂಧಿ, ದೋಷವಲ್ಲ. ಎರಡೂ ಕಡೆ ಒರೆಸಿದರೂ ಹೋಗದಿದ್ದರೆ ಮೊಹರು ಬಿಟ್ಟಿದೆ ಎಂದೇ ಅರ್ಥ. ಒಣಗುವುದಿಲ್ಲ. ಬೇಸಿಗೆಯಲ್ಲಿ ಕಾಣದಂತಾಗಿ ಮುಂದಿನ ಜೂನ್‌ಗೆ ಮತ್ತೆ ಬರುತ್ತದೆ, ನಾಲ್ಕಾರು ಸಲ ಹೀಗಾದ ಮೇಲೆ ಬಿಳಿ ಕಲೆ ಉಳಿದುಬಿಡುತ್ತದೆ.

ಗಾಜಿನ ಅಂಚಿನಲ್ಲಿ, ಎರಡರ ನಡುವೆ ಒಂದು ಲೋಹದ ಪಟ್ಟಿ ಕಾಣುತ್ತದಲ್ಲ, ಅದು ಟೊಳ್ಳು. ಒಳಗೆ ಸಾಸಿವೆಗಿಂತ ತುಸು ದಪ್ಪದ ತೇವ ಹೀರುವ ಮಣಿಗಳಿರುತ್ತವೆ. ಪಟ್ಟಿಯ ಎರಡೂ ಬದಿಗೆ ಬ್ಯುಟೈಲ್ ಅಂಟು, ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನಿನ ಎರಡನೆಯ ಅಂಟು. ಒಳ್ಳೆಯ ಘಟಕದಲ್ಲಿ ಇದು ಹತ್ತು ಹದಿನೈದು ವರ್ಷ ನಿಲ್ಲಬೇಕು. ಮೂರೇ ವರ್ಷಕ್ಕೆ ಹೋಯಿತೆಂದರೆ ಎರಡನೆಯ ಅಂಟನ್ನು ಹಾಕುವುದರಲ್ಲಿ ಜುಗ್ಗತನ ಮಾಡಿರಬಹುದು. ಇಲ್ಲವೇ ಗಾಜಿನ ಅಂಚು ನೀರಿನಲ್ಲಿ ನೆನೆಯುತ್ತಿರಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ನಿಮ್ಮೂರಿನಲ್ಲಿ ನೀರಿನ ಕಾರಣಕ್ಕೇ ನನ್ನ ಓಟು. ಕೆಳಚೌಕಟ್ಟಿನ ಹೊರಗಡೆ ನೀರು ಹರಿದುಹೋಗಲು ಉದ್ದುದ್ದ ಸೀಳುಗಳಿರುತ್ತವೆ. ಒಂದು ಲೋಟ ನೀರನ್ನು ಆ ಚೌಕಟ್ಟಿನ ಒಳತೋಡಿಗೆ ಸುರಿದು ನೋಡಿ. ಕೂಡಲೇ ಹೊರಗಿಳಿಯಬೇಕು. ಇಳಿಯದಿದ್ದರೆ ಗಾರೆ ಕೆಲಸದವನು ಸಿಮೆಂಟಿನಲ್ಲಿ ಮುಚ್ಚಿರುತ್ತಾನೆ, ಇಲ್ಲವೇ ಇರುವೆ ಮಣ್ಣು ತುಂಬಿರುತ್ತದೆ. ತೆಳುವಾದ ಕಡ್ಡಿಯಿಂದ ಬಿಡಿಸಿ. ಹೊಸ ಗಾಜು ಕೂರಿಸುವಾಗ ಅದು ನೇರ ಚೌಕಟ್ಟಿನ ಮೇಲೆ ಕೂರದೆ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ನಿಂತಿದೆಯೇ ಎಂದು ನೀವೇ ಬಗ್ಗಿ ನೋಡಿ.

ಇಡೀ ಕಿಟಕಿ ಬದಲಿಸಬೇಕಿಲ್ಲ. ಗಾಜನ್ನು ಹಿಡಿದಿಟ್ಟಿರುವ ಒಳಗಿನ ಬೀಡಿಂಗ್ ಪಟ್ಟಿ ಬಿಚ್ಚಿ ಗಾಜಿನ ಜೋಡಿಯನ್ನು ಮಾತ್ರ ಬದಲಿಸುತ್ತಾರೆ, ಒಂದು ಕಿಟಕಿಗೆ ಒಂದು ಗಂಟೆಯ ಕೆಲಸ. ತೂತು ಕೊರೆದು ಒಣಗಿಸಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ತೇವ ಹೀರುವ ಮಣಿಗಳು ಆಗಲೇ ತುಂಬಿಕೊಂಡಿರುತ್ತವೆ. ನಿಮ್ಮ ಬಳಿ ವಾರಂಟಿ ಪತ್ರವಿದ್ದರೆ ಚೌಕಟ್ಟಿಗೆ ಎಷ್ಟು ವರ್ಷ, ಗಾಜಿನ ಜೋಡಿಗೆ ಎಷ್ಟು ವರ್ಷ ಎಂದು ಪ್ರತ್ಯೇಕವಾಗಿ ಓದಿ. ಎರಡೂ ಒಂದೇ ಇರುವುದು ಅಪರೂಪ. ಫೋಟೋ ತೆಗೆದು ಲಿಖಿತ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೋಷ ಕಂಡ ಎರಡು ವರ್ಷದೊಳಗೆ ಹೋಗಬೇಕು. ‘ಮಳೆಗಾಲ ಕಳೆಯಲಿ’ ಎನ್ನುವವರು ಈ ಎರಡು ವರ್ಷವನ್ನೇ ಕಳೆಯಲು ನೋಡುತ್ತಿರುತ್ತಾರೆ.

ಪ್ರಶ್ನೆ: ಅಜ್ಜನ ಕಾಲದ ತೊಟ್ಟಿಮನೆಯ ಹಲಸಿನ ಮರದ ಕಿಟಕಿಗಳನ್ನು ತೆಗೆಸಿ ಯುಪಿವಿಸಿ ಜೋಡಿ ಗಾಜು ಹಾಕಿಸಬೇಕೆಂದು ತಮ್ಮ ಹಟ ಹಿಡಿದಿದ್ದಾನೆ. ಮಳೆಗಾಲದ ಚಳಿಗೆ ಒಳ್ಳೆಯದೇ?
- ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ತಮ್ಮನಿಗೆ ನನ್ನ ಹೆಸರು ಹೇಳಿ ತಡೆಯಿರಿ. ಹೆಂಚಿನ ಮಾಡಿನ ಸಂದಿಯಲ್ಲಿ ಆಕಾಶ ಕಾಣುವ, ನಡುವೆ ತೊಟ್ಟಿಯೇ ಬಯಲಿಗೆ ತೆರೆದಿರುವ ಮನೆಯಲ್ಲಿ ಕಿಟಕಿಗೆ ಮೊಹರು ಮಾಡಿದ ಗಾಜು ಹಾಕಿ ಯಾವ ಚಳಿ ತಡೆಯುತ್ತೀರಿ? ಹಳೆಯ ಕದದಲ್ಲಿ ಗಾಜು ಕೂರುವ ಕಚ್ಚು ಅರ್ಧ ಇಂಚೂ ಇರುವುದಿಲ್ಲ, 20 ಮಿ.ಮೀ.ಗೂ ದಪ್ಪದ ಜೋಡಿ ಗಾಜು ಅದಕ್ಕೆ ಹಿಡಿಸುವುದೂ ಇಲ್ಲ. ಸೊಟ್ಟಗಾದ ಕದಗಳನ್ನು ಬಡಗಿಯಿಂದ ನೇರ ಮಾಡಿಸಿ, ಕದ ಮುಚ್ಚುವ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ. ಮಲಗುವ ಒಂದು ಕೋಣೆಯಲ್ಲಿ ತೀರಾ ಚಳಿಯಿದ್ದರೆ ಒಳಗಿನಿಂದ ಗಾಜಿನ ಇನ್ನೊಂದು ಕದ ಹಾಕಿಸಿಕೊಳ್ಳಿ. ಆ ಹಲಸಿನ ಚೌಕಟ್ಟು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಯುಪಿವಿಸಿಯ ಬಗ್ಗೆ ಹಾಗೆ ಹೇಳಲಾರೆ.

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1930ರ ದಶಕದ ಜೋಡಿಮನೆ ಕೊಂಡಿದ್ದೇವೆ. ಹಿಂದಿನವರು ಹಾಕಿಸಿದ ಡಬಲ್ ಗ್ಲೇಜಿಂಗ್ ಹಳೆಯದು, ಹತ್ತು ಕಿಟಕಿಗಳಲ್ಲಿ ನಾಲ್ಕು ಮಬ್ಬಾಗಿವೆ. ಮನೆಗೆ ಬಂದ ಮಾರಾಟಗಾರ 11,800 ಪೌಂಡ್ ಹೇಳಿ, ಇಂದೇ ಸಹಿ ಹಾಕಿದರೆ ಶೇ 40 ರಿಯಾಯಿತಿ ಎಂದ. ರಾತ್ರಿ ಒಂಬತ್ತರವರೆಗೂ ಎದ್ದು ಹೋಗಲಿಲ್ಲ. ಊರಿನಲ್ಲಿ ಅಮ್ಮ ಈ ಅಂಕಣ ಓದುತ್ತಾರೆ, ನಿಮ್ಮನ್ನು ಕೇಳು ಎಂದರು.
- ಓದುಗರು, ರೆಡಿಂಗ್

ಉತ್ತರ: ಅಮ್ಮನಿಗೆ ನಮಸ್ಕಾರ ತಿಳಿಸಿ. ಇಂದು ಶೇ 40 ಇಳಿಸಬಲ್ಲವನು ನಾಳೆಯೂ ಇಳಿಸುತ್ತಾನೆ. ಮೊದಲ ಬೆಲೆಯೇ ಇಳಿಸುವುದಕ್ಕೆಂದು ಏರಿಸಿದ್ದು. ನಿಮ್ಮ ಊರಿನದೇ ಎರಡು ಸಣ್ಣ ಸಂಸ್ಥೆಗಳಿಂದ ಲಿಖಿತ ದರ ತರಿಸಿ. ಶೇ 20ರ ವ್ಯಾಟ್ ಸೇರಿದೆಯೇ ಎಂದು ನೋಡಿ. ಅಲ್ಲಿ ಮನೆಯ ಶಾಖ ಉಳಿಸುವ ಕೆಲವು ಸಾಮಗ್ರಿಗಳಿಗೆ ವ್ಯಾಟ್ ವಿನಾಯಿತಿ ಇದ್ದರೂ ಕಿಟಕಿಗೆ ಅದಿಲ್ಲ.

ಮುಖ್ಯವಾದದ್ದು ಇದು: ಮಬ್ಬಾದ ನಾಲ್ಕರಲ್ಲಿ ಚೌಕಟ್ಟು ಗಟ್ಟಿಯಾಗಿದ್ದರೆ, ಕದ ಬಿಗಿಯಾಗಿ ಮುಚ್ಚಿದರೆ, ಗಾಜಿನ ಜೋಡಿಯನ್ನು ಮಾತ್ರ ಬದಲಿಸಿ. ಮಂಗಳೂರಿನವರಿಗೆ ಹೇಳಿದ್ದೇ ನಿಮಗೂ. ಹಳೆಯ ಜೋಡಿಯ ಜಾಗಕ್ಕೆ ಆರ್ಗಾನ್ ಅನಿಲ ತುಂಬಿದ, ಕೋಣೆಯ ಕಾವನ್ನು ಒಳಕ್ಕೇ ಮರಳಿಸುವ ಲೋ-ಇ ಲೇಪನವಿರುವ ಜೋಡಿ ಬಂದರೆ ಚಳಿಗೆ ನಿಜವಾಗಿಯೂ ವ್ಯತ್ಯಾಸ ಕಾಣುತ್ತದೆ. ನಿಮ್ಮಲ್ಲಿ ಬೇಕಾದದ್ದು ಕಲಬುರಗಿಗೆ ಹೇಳಿದ್ದರ ತದ್ವಿರುದ್ಧ: ಬಿಸಿಲು ಒಳಗೆ ಬರಲಿ, ಕಾವು ಹೊರಗೆ ಹೋಗದಿರಲಿ. ಆದ್ದರಿಂದ ಲೇಪನ ಒಳಗಾಜಿನ ಮೇಲೆ, ನಡುವಿನ ಜಾಗದ ಕಡೆಗೆ ಇರುತ್ತದೆ. ಅಂತರ 16 ಮಿ.ಮೀ. ಇರಲಿ. ನೆಲದಿಂದ 800 ಮಿ.ಮೀ.ಗಿಂತ ಕೆಳಗಿರುವ ಗಾಜು ಸುರಕ್ಷಾ ಗಾಜೇ ಆಗಿರಬೇಕು.

ಚೌಕಟ್ಟನ್ನೂ ಬದಲಿಸುವುದಾದರೆ ಅದು ಕಟ್ಟಡ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಯು-ಮೌಲ್ಯ 1.4 ಮೀರಬಾರದು, ಅಥವಾ ಶಕ್ತಿ ಶ್ರೇಣಿ ಕನಿಷ್ಠ ‘ಬಿ’ ಇರಬೇಕು. ಜೂನ್ 2022ರಿಂದ ಗಾಳಿಯಾಡುವ ಸಣ್ಣ ಸೀಳು, ಟ್ರಿಕಲ್ ವೆಂಟ್, ಇರಬೇಕೆಂಬ ನಿಯಮವೂ ಬಿಗಿಯಾಗಿದೆ. ಅದನ್ನು ಬೇಡವೆನ್ನಬೇಡಿ, ನಮ್ಮವರ ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಹಬೆ ಎಲ್ಲಿಗಾದರೂ ಹೋಗಬೇಕಲ್ಲ, ಇಲ್ಲದಿದ್ದರೆ ಗೋಡೆಯ ಮೂಲೆಗೆ ಬೂಸ್ಟು ಕಟ್ಟುತ್ತದೆ. ಕಿಟಕಿ ಕೂರಿಸುವವರ ನೋಂದಣಿ ಯೋಜನೆಗಳಾದ ಫೆನ್ಸಾ ಅಥವಾ ಸರ್ಟಾಸ್‌ನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಯಾದರೆ ಅವರೇ ಪ್ರಮಾಣಪತ್ರ ಕೊಡುತ್ತಾರೆ. ಜೋಪಾನವಾಗಿಡಿ, ಮುಂದೆ ಮನೆ ಮಾರುವಾಗ ವಕೀಲರು ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಮುಂಗಡದ ಸ್ವಲ್ಪ ಭಾಗವನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ. 100 ಪೌಂಡ್‌ಗಿಂತ ಹೆಚ್ಚಿನ, 30,000 ಪೌಂಡ್ ಮೀರದ ಖರೀದಿಗೆ ಅಲ್ಲಿನ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕಾರ್ಡ್ ಕಂಪನಿಯೂ ಹೊಣೆಯಾಗುತ್ತದೆ. ಮನೆಗೆ ಬಂದು ಮಾಡಿದ ಒಪ್ಪಂದವನ್ನು 14 ದಿನಗಳಲ್ಲಿ ಮುರಿಯಬಹುದು ಎಂಬ ಧೈರ್ಯದಲ್ಲಿ ಸಹಿ ಹಾಕಬೇಡಿ. ನಿಮ್ಮ ಅಳತೆಗೆಂದೇ ಮಾಡಿಸುವ ಸಾಮಾನಿಗೆ ಆ ಹಕ್ಕು ಅನ್ವಯಿಸದಿರಬಹುದು. ಇನ್ನು ಅಟ್ಟಕ್ಕೆ 270 ಮಿ.ಮೀ. ನಿರೋಧಕ ಹೊದಿಕೆ ಇದೆಯೇ ನೋಡಿ. ಇಲ್ಲದಿದ್ದರೆ ಮೊದಲ ಹಣ ಅಲ್ಲಿಗೆ ಹೋಗಲಿ. ಹೊಸ ಗಾಜು ಬಂದ ಮೇಲೆ ಕೆಲವು ಮುಂಜಾವಿನಲ್ಲಿ ಹೊರಮೈಯಲ್ಲಿ ಇಬ್ಬನಿ ಕಟ್ಟಿರುತ್ತದೆ. ಗಾಬರಿಯಾಗಬೇಡಿ, ಒಳಗಿನ ಕಾವು ಹೊರಗಾಜನ್ನು ತಲುಪುತ್ತಿಲ್ಲ ಎಂದಷ್ಟೇ ಅರ್ಥ.

ಪ್ರಶ್ನೆ: ಕಿಟಕಿ ಕಂಪನಿಯವರು ಶೇ 80 ಮುಂಗಡ ಕೇಳುತ್ತಿದ್ದಾರೆ. ಕೊಡಬಹುದೇ? ಕೇಸ್‌ಮೆಂಟ್ ಕಿಟಕಿಗೆ ಸೊಳ್ಳೆಪರದೆ ಹೇಗೆ ಹಾಕುವುದು?
- ಓದುಗರು, ಮೈಸೂರು

ಉತ್ತರ: ಪರದೆಯ ಮಾತು ಮೊದಲು. ಕದ ಹೊರಕ್ಕೆ ತೆರೆದರೆ ಪರದೆ ಒಳಗಡೆ ಬರುತ್ತದೆ. ಕದ ಮುಟ್ಟಲು ಪ್ರತಿ ಸಲ ಪರದೆ ತೆರೆಯಬೇಕು, ಅಷ್ಟರಲ್ಲಿ ಸಂಜೆಯ ಸೊಳ್ಳೆಗಳು ಗೃಹಪ್ರವೇಶ ಮಾಡಿರುತ್ತವೆ. ಮಡಚುವ ಪ್ಲೀಟೆಡ್ ಪರದೆ ಹಾಕಿಸಿ, ಸ್ವಲ್ಪ ದುಬಾರಿ. ಕಿಟಕಿಗೆ ಕಬ್ಬಿಣದ ಸರಳುಗಳು ಒಳಗಿವೆಯೋ ಹೊರಗಿವೆಯೋ ಎಂಬುದನ್ನು ಅಳತೆ ತೆಗೆಯುವ ದಿನವೇ ತೋರಿಸಿ. ಕದ ಸರಳಿಗೆ ಬಡಿದು ಅರ್ಧಕ್ಕೇ ನಿಂತ ಕಿಟಕಿಗಳು ಮೈಸೂರಿನಲ್ಲೂ ಬೇಕಾದಷ್ಟಿವೆ.

ಶೇ 80 ಮುಂಗಡ ಬೇಡ. ಅಳತೆಗೆ ತಕ್ಕಂತೆ ಮಾಡುವ ಸಾಮಾನಾದ್ದರಿಂದ ಅರ್ಧ ಕೇಳುವುದು ನ್ಯಾಯ. ಸಾಮಾನು ಮನೆಗೆ ಬಂದು, ಚೌಕಟ್ಟು ಮತ್ತು ಗಾಜಿನ ದಪ್ಪ, ಗಾಜಿನ ಮೂಲೆಯಲ್ಲಿನ ಟಫನ್ಡ್ (ಕಾಯಿಸಿ ಗಟ್ಟಿಗೊಳಿಸಿದ್ದು) ಎಂಬ ಮುದ್ರೆ ಎಲ್ಲ ಕೊಟೇಶನ್‌ಗೆ ತಾಳೆಯಾದ ಮೇಲೆ ಇನ್ನು ಶೇ 40 ಕೊಡಿ. ಉಳಿದ ಶೇ 10ನ್ನು ನೀರಿನ ಪರೀಕ್ಷೆಯವರೆಗೆ ಹಿಡಿದಿಡಿ: ತೋಟಕ್ಕೆ ಹಾಯಿಸುವ ಪೈಪಿನಿಂದ ಹೊರಗಡೆ ಕಿಟಕಿಯ ಮೇಲಂಚಿಗೆ ಹತ್ತು ನಿಮಿಷ ನೀರು ಬಿಡಿಸಿ, ಒಳಗೆ ಒಬ್ಬರು ಟಾರ್ಚ್ ಹಿಡಿದು ಕೆಳಮೂಲೆಗಳನ್ನು ನೋಡುತ್ತಿರಲಿ. ಈ ಮೂರು ಕಂತುಗಳ ಷರತ್ತನ್ನು ಆರ್ಡರ್ ಕಾಗದದಲ್ಲೇ ಬರೆಸಿ. ಒಪ್ಪದಿದ್ದರೆ ಬೇರೆಯವರನ್ನು ಹುಡುಕಿ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲೇ ವಿಚಾರಿಸಿ ನೋಡಿ, ಸಾಗಣೆಯ ಖರ್ಚೂ ಉಳಿಯುತ್ತದೆ.